ಎಕ್ಸೋಮ್ ಅನ್ನೋ ಜೀನ್ ಪರೀಕ್ಷೆ 'ನೆಗೆಟಿವ್' ಬಂತು ಅಂತ ನಂಬಬೇಡಿ, ಮೊದಲು ಕೊನೆಯ ಪುಟ ಓದಿ

ಮನೆಗೇ ಬಂದು ರಕ್ತ ತಗೊಂಡು ಹೋಗುವ ಜೆನೆಟಿಕ್ ಲ್ಯಾಬಿನವರು ಹೇಳುವ ಮಾತು ಒಂದೇ: "ಎಕ್ಸೋಮ್ ಮಾಡಿಸಿಬಿಡಿ ಮೇಡಂ, ಎಲ್ಲಾ ಜೀನೂ ಕವರ್ ಆಗುತ್ತೆ." ಆಗಲ್ಲ. ಇನ್ನೊಂದು ಸಲ ಹೇಳ್ತೀನಿ, ಎಲ್ಲಾ ಜೀನೂ ಕವರ್ ಆಗಲ್ಲ. 26 ಸಾವಿರ ಕಟ್ಟಿ, ಆರು ವಾರ ಕಾದ ಮೇಲೆ ನಮಗೆ ಗೊತ್ತಾಗಿದ್ದು ಇದು.

ಮಗಳಿಗೆ 15. ವಾಂತಿ ಸಮೇತ ತಲೆನೋವು, ಎರಡು ಸಲ ಫಿಟ್ಸ್, ಕಿವಿ ಮಂದ, ವಯಸ್ಸಿಗೆ ತಕ್ಕ ಎತ್ತರವಿಲ್ಲ, ರಕ್ತದಲ್ಲಿ ಲ್ಯಾಕ್ಟೇಟ್ ಜಾಸ್ತಿ. ನನಗೂ ನಮ್ಮಮ್ಮನಿಗೂ ಸಕ್ಕರೆ ಕಾಯಿಲೆ, ಇಬ್ಬರಿಗೂ ಕಿವಿ ಸರಿಯಾಗಿ ಕೇಳಲ್ಲ. ಮೈಟೊಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಭಾಗ) ಕಾಯಿಲೆಗಳು ಗೊತ್ತಿರುವವರು ಇಷ್ಟು ಕೇಳಿದರೆ ಮೊದಲು ಹುಡುಕುವುದು ಅವುಗಳಲ್ಲೊಂದಾದ ಮೆಲಾಸ್‌ಗೆ ಕಾರಣವಾಗುವ, ಮೈಟೊಕಾಂಡ್ರಿಯಾದ ಡಿಎನ್‌ಎಯ 3243ನೇ ಅಕ್ಷರದ ಬದಲಾವಣೆಯನ್ನೇ. ಎಲ್ಲವನ್ನೂ ಫಾರಂನಲ್ಲಿ ತುಂಬಿಕೊಟ್ಟಿದ್ದೆ. ರಿಪೋರ್ಟಿನಲ್ಲಿ ರೋಗಲಕ್ಷಣದ ಜಾಗದಲ್ಲಿ ಇದ್ದದ್ದು ಒಂದೇ ಪದ, 'ಫಿಟ್ಸ್'. ಫಾರಂ ಯಾರೂ ಓದೇ ಇಲ್ಲ.

ಮೊದಲ ಪುಟದಲ್ಲಿ ಹಸಿರು ಚೌಕದೊಳಗೆ ದಪ್ಪಕ್ಷರದಲ್ಲಿ 'ನೆಗೆಟಿವ್'. ಏಳನೇ ಪುಟದ ತಳದಲ್ಲಿ 'ಮಿತಿಗಳು' ಅಂತ, ಮೊಬೈಲಿನಲ್ಲಿ ಎರಡು ಬೆರಳಿಟ್ಟು ಹಿಗ್ಗಿಸಿದರೆ ಮಾತ್ರ ಕಾಣುವ ಸಾಲು: ಈ ಪರೀಕ್ಷೆಯಲ್ಲಿ ಮೈಟೊಕಾಂಡ್ರಿಯಾದ ಡಿಎನ್‌ಎ ಸೇರಿಲ್ಲ. ಮೈಟೊಕಾಂಡ್ರಿಯಾ ಕಾಯಿಲೆ ಇರಬಹುದು ಅಂತಲೇ ಮಾಡಿಸಿದ ಪರೀಕ್ಷೆ ಅದು! ಅಷ್ಟು ಹೊತ್ತಿಗೆ ನೆಂಟರಿಗೆಲ್ಲ ಫೋನ್ ಮಾಡಿ "ಏನೂ ಇಲ್ವಂತೆ" ಅಂದಾಗಿತ್ತು.

ಲ್ಯಾಬಿಗೆ ಕೇಳಿದೆ. "ರಿಪೋರ್ಟಲ್ಲೇ ಬರ್ದಿದೆಯಲ್ಲ ಮೇಡಂ." ದುಡ್ಡು ಕಟ್ಟಿಸಿಕೊಳ್ಳುವಾಗ ಯಾಕೆ ಹೇಳಲಿಲ್ಲ? "ಡಾಕ್ಟ್ರು ಎಕ್ಸೋಮ್ ಬರ್ದಿದ್ರು, ನಾವು ಎಕ್ಸೋಮ್ ಮಾಡಿದ್ವಿ." ಡಾಕ್ಟರ ಚೀಟಿಯಲ್ಲಿ 'ಎಕ್ಸೋಮ್, ಜೊತೆಗೆ ಮೈಟೊ ಜೀನೋಮ್' ಅಂತ ಸ್ಪಷ್ಟವಾಗಿದೆ. ಫೋಟೋ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಬಂದಿದ್ದು ಮಾರನೇ ದಿನ ಸಂಜೆ: "ಅದು ಆಡ್-ಆನ್ ಮೇಡಂ. ನಿಮಗೋಸ್ಕರ ಡಿಸ್ಕೌಂಟ್, 9 ಸಾವಿರ. ಅದೇ ಬ್ಲಡ್ ಸಾಕು."

ಅದೇ ಬ್ಲಡ್ ಸಾಕು ಅನ್ನೋ ಹಾಗಿಲ್ಲ, ಅದು ಎರಡನೇ ಮೋಸ. ಎಕ್ಸೋಮ್ ಓದುವುದು ಜೀವಕೋಶದ ಕೇಂದ್ರದಲ್ಲಿರುವ ಸುಮಾರು 20,000 ಜೀನ್‌ಗಳ ಮುಖ್ಯ ಭಾಗಗಳನ್ನು. ಮೈಟೊಕಾಂಡ್ರಿಯಾಕ್ಕೆ ತನ್ನದೇ ಪುಟ್ಟ ಉಂಗುರದಂಥ ಡಿಎನ್‌ಎ ಇದೆ: 16,569 ಅಕ್ಷರ, 37 ಜೀನ್. ಒಂದೊಂದು ಕೋಶದಲ್ಲೂ ಅದರ ನೂರಾರು, ಸಾವಿರಾರು ಪ್ರತಿ. ಕೆಲವು ಕೆಟ್ಟಿರುತ್ತವೆ, ಕೆಲವು ಸರಿಯಿರುತ್ತವೆ. ಕೆಟ್ಟವು ಕಡಿಮೆ ಇದ್ದಾಗ ಸಿಗಬೇಕಾದರೆ ಆ ಉಂಗುರವನ್ನೇ ಹಿಡಿದು ಸಾವಿರಾರು ಸಲ ಓದಬೇಕು. ಅಲ್ಲದೆ 3243 ಬದಲಾವಣೆ ವಯಸ್ಸಾಗುತ್ತ ರಕ್ತದಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಮೂತ್ರದಲ್ಲಿ ಬರುವ ಕೋಶಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಸಿಗುತ್ತದೆ, ಅಲ್ಲೂ ಸಿಗದಿದ್ದರೆ ಸ್ನಾಯುವಿನ ತುಣುಕು. ಹಾಗಂತ ಎಕ್ಸೋಮ್ ದಂಡವಲ್ಲ. ಮೈಟೊಕಾಂಡ್ರಿಯಾದ ಡಿಎನ್‌ಎ ನಕಲು ಮಾಡಲು ಬೇಕಾದ ಪೋಲ್‌ಜಿಯಂಥ ಜೀನ್ ಇರುವುದು ಕೇಂದ್ರದಲ್ಲೇ, ಮಕ್ಕಳ ಮೈಟೊ ಕಾಯಿಲೆ ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ. ಎರಡೂ ಬೇಕು.

ಆ ಹಸಿರು ಚೌಕ ನಂಬಿ ಏನಾಯ್ತು ಕೇಳಿ. ಇನ್ನೊಂದು ಆಸ್ಪತ್ರೆಯ ಡ್ಯೂಟಿ ಡಾಕ್ಟರು ಫಿಟ್ಸ್‌ಗೆ ವ್ಯಾಲ್ಪ್ರೊಯೇಟ್ ಬರೆದುಕೊಟ್ಟರು. ಪೋಲ್‌ಜಿ ತೊಂದರೆ ಇರುವವರಿಗೆ ಅದು ಲಿವರ್ ಕೆಡಿಸಿ ಪ್ರಾಣ ತೆಗೆಯಬಲ್ಲದು. ಮೆಲಾಸ್ ಶಂಕೆ ಇದ್ದರೂ ಬೇರೆ ಔಷಧಿ ಇರುವಾಗ ಅದನ್ನು ಕೊಡುವುದಿಲ್ಲ. ನಮ್ಮ ನ್ಯೂರಾಲಜಿಸ್ಟ್ ನೋಡಿ ತಡೆದರು. ಮನೆಯಲ್ಲಿ ಇನ್ನೊಂದು ಪಾಡು. ಹದಿನೈದರ ಹುಡುಗಿಗೆ 'ನೆಗೆಟಿವ್' ಅನ್ನೋ ಪದ ಸಾಕಲ್ಲ: "ನಂಗೇನೂ ಇಲ್ಲ ಅಂತ ಬಂದಿದೆಯಲ್ಲಮ್ಮ" ಅಂತ ತಿಂಡಿ ಬಿಟ್ಟು ಥ್ರೋಬಾಲ್‌ಗೆ ಹೊರಟಳು. ಮೈಟೊ ಕಾಯಿಲೆ ಇರಬಹುದು, ಹೊಟ್ಟೆ ಖಾಲಿ ಬಿಡಬಾರದು ಅಂತ ಎರಡು ವರ್ಷ ಹೇಳಿ ಹೇಳಿ ರೂಢಿ ಮಾಡಿಸಿದ್ದು ಒಂದು ಪಿಡಿಎಫ್‌ನಿಂದ ಹೋಯ್ತು.

ದುಡ್ಡು ಹಾಕುವ ಮುಂಚೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ: ಮೈಟೊಕಾಂಡ್ರಿಯಾ ಡಿಎನ್‌ಎ ಪೂರ್ತಿ ಓದ್ತೀರಾ, ಎಷ್ಟು ಸಲ ಓದ್ತೀರಾ, ಮೂತ್ರದ ಮಾದರಿ ತಗೋತೀರಾ? ಬಾಯಿಮಾತಿನ "ಆಗುತ್ತೆ ಮೇಡಂ"ಗೆ ಬೆಲೆಯಿಲ್ಲ. ರಿಪೋರ್ಟ್ ಬಂದರೆ ಕೊನೆಯ ಪುಟದಿಂದ ಓದಿ.

ದುಡ್ಡು ವಾಪಸ್ ಕೇಳಿದ್ದಕ್ಕೆ "ಪ್ರೊಸೆಸ್ ಆಗಿರೋ ಸ್ಯಾಂಪಲ್‌ಗೆ ರೀಫಂಡ್ ಇಲ್ಲ" ಅಂದರು. ಮೂತ್ರದ ಮಾದರಿ ಬೇರೆ ಲ್ಯಾಬಿಗೆ ಹೋಗಿದೆ. ಅದರ ರಿಪೋರ್ಟ್ ಬರುವವರೆಗೆ ನ್ಯೂರಾಲಜಿಸ್ಟ್ ಸಹಿ ಹಾಕಿಕೊಟ್ಟ ಚೀಟಿ ಅವಳ ಫೈಲಿನ ರಟ್ಟಿನ ಮೇಲೆ ಅಂಟಿಸಿದೆ: ಮೈಟೊ ಕಾಯಿಲೆ ಶಂಕೆ ಇನ್ನೂ ಇದೆ, ವ್ಯಾಲ್ಪ್ರೊಯೇಟ್ ಬೇಡ, ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆ ಮಾತ್ರೆ) ಬೇಡ, ಉಪವಾಸ ಬೇಡ.