ಮೂರು ದಿನಗಳ ರಜೆಗೆ ಯೂಟಾ: ಝಯಾನ್–ಬ್ರೈಸ್ ದಾರಿಯೋ, ಮೋಆಬ್ ದಾರಿಯೋ?

ಮೂರು ದಿನಗಳ ವಾರಾಂತ್ಯದಲ್ಲಿ ಅಮೆರಿಕದ ಯೂಟಾ ರಾಜ್ಯದ ಕೆಂಪು ಕಣಿವೆಗಳನ್ನು ಕಾರಿನಲ್ಲಿ ನೋಡಿಬರಲು ಹೊರಡುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಲಾಸ್ ವೇಗಸ್‌ನಲ್ಲಿ ಇಳಿದು ಝಯಾನ್ ಮತ್ತು ಬ್ರೈಸ್ ಕ್ಯಾನಿಯನ್ ನೋಡುವುದು ಒಂದು. ಸಾಲ್ಟ್ ಲೇಕ್ ಸಿಟಿಯಿಂದ ಮೋಆಬ್ ಎಂಬ ಪುಟ್ಟ ಊರಿಗೆ ಹೋಗಿ ಆರ್ಚಸ್ ಮತ್ತು ಕ್ಯಾನಿಯನ್‌ಲ್ಯಾಂಡ್ಸ್ ನೋಡುವುದು ಇನ್ನೊಂದು. ಮೊದಲನೆಯದನ್ನು ಗೆಳೆಯರೊಡನೆ, ಎರಡನೆಯದನ್ನು ಊರಿನಿಂದ ಬಂದಿದ್ದ ಅಪ್ಪ ಅಮ್ಮನೊಡನೆ ಮಾಡಿದ್ದೇನೆ. ಈ ನಾಲ್ಕೂ ರಾಷ್ಟ್ರೀಯ ಉದ್ಯಾನಗಳನ್ನು ಒಂದೇ ರಜೆಗೆ ತುರುಕಿದರೆ ನೋಡುವುದಕ್ಕಿಂತ ಗಾಡಿ ಓಡಿಸುವುದೇ ಹೆಚ್ಚಾಗುತ್ತದೆ.

ನಕ್ಷೆಯಲ್ಲಿ ಝಯಾನ್ ಹತ್ತಿರ: ವೇಗಸ್‌ನಿಂದ ಸುಮಾರು 160 ಮೈಲಿ. ಮೋಆಬ್‌ಗಾದರೋ ಸಾಲ್ಟ್ ಲೇಕ್ ಸಿಟಿಯಿಂದ ಸುಮಾರು 235 ಮೈಲಿ, ನಾಲ್ಕು ಗಂಟೆಯ ಹಾದಿ. ಆದರೆ ಝಯಾನ್‌ನಿಂದ ಬ್ರೈಸ್‌ಗೆ ಮತ್ತೆರಡು ಗಂಟೆ, ಅಲ್ಲಿಂದ ವೇಗಸ್‌ಗೆ ಮರಳಲು ನಾಲ್ಕು ಗಂಟೆ ಎಂದು ಕೂಡಿಸಿದಾಗ ಆ ಅನುಕೂಲ ಕರಗಿಹೋಗುತ್ತದೆ. ನೆವಾಡಾದಿಂದ ಯೂಟಾಕ್ಕೆ ಕಾಲಿಟ್ಟೊಡನೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಓಡುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೋಆಬ್‌ನಲ್ಲಿ ಎರಡು ರಾತ್ರಿಯೂ ಒಂದೇ ಕೋಣೆಯಲ್ಲಿರಬಹುದು. ಆರ್ಚಸ್‌ನ ಬಾಗಿಲು ಊರಿನಿಂದ ಐದೇ ಮೈಲಿ ದೂರದಲ್ಲಿದೆ.

ಝಯಾನ್‌ನಲ್ಲಿ ನಾವು ಕಣಿವೆಯ ತಳದಲ್ಲಿ ನಿಂತು ಮೇಲಕ್ಕೆ ನೋಡುತ್ತೇವೆ. ಮುಖ್ಯ ಕಣಿವೆಯೊಳಗೆ ವರ್ಷದ ಬಹುಭಾಗ ಸ್ವಂತ ಕಾರು ಬಿಡುವುದಿಲ್ಲ. ಉಚಿತ ಶಟಲ್ ಬಸ್ಸೇ ಗತಿ. ರಜೆಯ ದಿನ ಬೆಳಿಗ್ಗೆ ಬೇಗನೆ ತಲುಪದಿದ್ದರೆ ಪಾರ್ಕಿಂಗ್ ತುಂಬಿ, ಬಸ್ಸಿನ ಸಾಲಿನಲ್ಲೇ ತಂಪು ಹೊತ್ತು ಕಳೆದುಹೋಗುತ್ತದೆ. ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಡಿದಾದ ಬಂಡೆಯ ತುದಿಯೇರಲು 2022ರಿಂದ ಲಾಟರಿಯ ಮೂಲಕ ಪರವಾನಗಿ ಪಡೆಯಬೇಕು. ಇಷ್ಟಾದರೂ ನ್ಯಾರೋಸ್ ಎಂಬ ಇಕ್ಕಟ್ಟಿನ ಕಮರಿಯಲ್ಲಿ ವರ್ಜಿನ್ ನದಿಯ ನೀರಿನಲ್ಲೇ ಹೆಜ್ಜೆ ಹಾಕುತ್ತ, ಎರಡೂ ಕಡೆ ಮರಳುಗಲ್ಲಿನ ಗೋಡೆಗಳು ಒತ್ತಿ ಬರುವುದನ್ನು ಕಾಣುವ ಅನುಭವಕ್ಕೆ ಮೋಆಬ್ ಕಡೆ ನಾನು ಕಂಡ ಯಾವುದೂ ಸಾಟಿಯಲ್ಲ. ಹಠಾತ್ ಪ್ರವಾಹದ ಎಚ್ಚರಿಕೆಯಿದ್ದ ದಿನ ಮಾತ್ರ ಅತ್ತ ಸುಳಿಯಲೇಬಾರದು.

ಬ್ರೈಸ್‌ನ ಅಂಚು 8,000 ಅಡಿಗೂ ಎತ್ತರದಲ್ಲಿರುವುದರಿಂದ ಮೇ ತಿಂಗಳಲ್ಲೂ ಮುಂಜಾನೆ ಸ್ವೆಟರ್ ಬೇಕು. ಬಿರುಕುಗಳಲ್ಲಿ ನೀರು ಹೆಪ್ಪುಗಟ್ಟಿ ಮತ್ತೆ ಕರಗುತ್ತ ಕಡೆದ ಸುಣ್ಣಗಲ್ಲಿನ ಕಂಬಗಳು ಪೂರ್ವಕ್ಕೆ ತೆರೆದುಕೊಂಡಿವೆ. ಆದ್ದರಿಂದ ಎರಡನೆಯ ರಾತ್ರಿ ಅಲ್ಲೇ ತಂಗಿ ಸೂರ್ಯೋದಯ ನೋಡುವುದಾದರೆ ಮಾತ್ರ ಈ ದಾರಿಗೆ ಪೂರ್ಣ ಬೆಲೆ ಬರುತ್ತದೆ.

ಕ್ಯಾನಿಯನ್‌ಲ್ಯಾಂಡ್ಸ್‌ನ ಐಲ್ಯಾಂಡ್ ಇನ್ ದ ಸ್ಕೈ ಎಂಬ ಎತ್ತರದ ಭಾಗ ಝಯಾನ್‌ಗೆ ತೀರ ವಿರುದ್ಧ. ಅಲ್ಲಿ ಕಾರು ಕಣಿವೆಯ ಅಂಚಿನವರೆಗೂ ಹೋಗುತ್ತದೆ. ಗ್ರ್ಯಾಂಡ್ ವ್ಯೂ ಪಾಯಿಂಟ್‌ನಲ್ಲಿ ಇಳಿದು ಕೆಲವೇ ಹೆಜ್ಜೆ ನಡೆದರೆ ಕೊರೆದ ನೆಲವೆಲ್ಲ ಕೆಳಗೆ ಹರಡಿಕೊಂಡಿರುತ್ತದೆ. ಮಂಡಿನೋವಿನ ಅಮ್ಮ ಯಾರ ಆಸರೆಯೂ ಇಲ್ಲದೆ, ಅವಸರವೂ ಇಲ್ಲದೆ ಅದನ್ನೆಲ್ಲ ನೋಡಿದರು. ಆರ್ಚಸ್‌ನಲ್ಲಿ ಡೆಲಿಕೇಟ್ ಆರ್ಚ್‌ವರೆಗೆ ಹೋಗಿಬರಲು ನೆರಳಿಲ್ಲದ ಬಂಡೆಯ ಮೇಲೆ ಮೂರು ಮೈಲಿ ನಡೆಯಬೇಕು. ಅಪ್ಪ ಅಮ್ಮ ಇಬ್ಬರೂ ಕೆಳಗಿನ ವೀಕ್ಷಣಾ ಸ್ಥಳದಿಂದ ಅದನ್ನು ದೂರದಲ್ಲಿ ಕಂಡರು, ವಿಂಡೋಸ್ ಭಾಗದ ಕಮಾನುಗಳನ್ನು ಹತ್ತಿರದಿಂದ ನೋಡಿದರು. ಹತ್ತಿರದ ಡೆಡ್ ಹಾರ್ಸ್ ಪಾಯಿಂಟ್ ರಾಜ್ಯ ಸರ್ಕಾರದ ಉದ್ಯಾನವಾದ್ದರಿಂದ ರಾಷ್ಟ್ರೀಯ ಉದ್ಯಾನಗಳ ಪಾಸ್ ನಡೆಯುವುದಿಲ್ಲ, ಆದರೂ ಬಿಡಬಾರದ ಜಾಗ.

ಭಾರತದಿಂದ ಹಿರಿಯರು ಬಂದಿದ್ದರೆ ಖರ್ಚಿನ ಇನ್ನೊಂದು ವಿಷಯವಿದೆ. 2026ರಿಂದ ಅಮೆರಿಕದ ನಿವಾಸಿಗಳಲ್ಲದವರು ಝಯಾನ್ ಮತ್ತು ಬ್ರೈಸ್‌ನಲ್ಲಿ, ವಾರ್ಷಿಕ ಪಾಸ್ ಇಲ್ಲದಿದ್ದರೆ, ತಲಾ 100 ಡಾಲರ್ ಹೆಚ್ಚುವರಿಯಾಗಿ ಕೊಡಬೇಕು. ಆರ್ಚಸ್ ಮತ್ತು ಕ್ಯಾನಿಯನ್‌ಲ್ಯಾಂಡ್ಸ್ ಆ ಪಟ್ಟಿಯಲ್ಲಿಲ್ಲ.

ಗಟ್ಟಿ ಕಾಲಿನ ಗೆಳೆಯರ ಗುಂಪಿಗೆ ಝಯಾನ್–ಬ್ರೈಸ್ ದಾರಿಯನ್ನೇ ಹೇಳುತ್ತೇನೆ. ಮನೆಮಂದಿಯೆಲ್ಲ ಹೊರಡುವುದಾದರೆ ನನ್ನ ಆಯ್ಕೆ ಸಂದೇಹವಿಲ್ಲದೆ ಮೋಆಬ್. ಐಲ್ಯಾಂಡ್ ಇನ್ ದ ಸ್ಕೈ ಮೇಲೆ ಊಟವಾಗಲಿ ಪೆಟ್ರೋಲಾಗಲಿ ಸಿಗದ ಕಾರಣ, ಬುತ್ತಿ, ಬೇಕಾದಷ್ಟು ನೀರು ಮತ್ತು ತುಂಬಿದ ಟ್ಯಾಂಕಿನೊಂದಿಗೇ ಊರು ಬಿಡಬೇಕು.