ಹಿತ್ತಲ ಶೆಡ್ಡಿಗೆ ಯಾವ ಒಲೆ? ಮೂರನ್ನೂ ಉರಿಸಿ ನೋಡಿದೆ

ಹಿತ್ತಲಲ್ಲಿ 10 ಅಡಿ ಅಗಲ, 12 ಅಡಿ ಉದ್ದದ ಮರದ ಶೆಡ್ಡು ಇದೆ. ಸಂಜೆ ಎರಡು ಗಂಟೆ ಅಲ್ಲಿ ಕೂತು ಮರಗೆಲಸ ಮಾಡುತ್ತೇನೆ. ಚಳಿಗೆ ಬೆರಳು ಮರಗಟ್ಟಿ ಉಳಿ ಹಿಡಿಯೋಕೇ ಆಗುತ್ತಿರಲಿಲ್ಲ.

ಮೊದಲು ಇಟ್ಟಿಗೆಯ ತೆರೆದ ಒಲೆ ಕಟ್ಟಿದೆ. ನೋಡೋಕೆ ಚೆಂದ, ಅಷ್ಟೇ. ಮೊಣಕಾಲು ಸುಡುತ್ತದೆ, ಬೆನ್ನು ತಣ್ಣಗೇ ಇರುತ್ತದೆ. ಉರಿ ಒಳಗಿನ ಬೆಚ್ಚನೆ ಗಾಳಿಯನ್ನೂ ಎಳೆದುಕೊಂಡು ಮೇಲೆ ಹೋಗುತ್ತದೆ, ಬಾಗಿಲ ಸಂದಿಯಿಂದ ಚಳಿ ನುಗ್ಗುತ್ತದೆ. ಸೌದೆಯ ಶಾಖದಲ್ಲಿ ಹತ್ತರಲ್ಲೊಂದು ಪಾಲು ನಮಗೆ ಸಿಕ್ಕರೆ ಹೆಚ್ಚು. ಸಾಲದ್ದಕ್ಕೆ ಕಿಡಿ ಸಿಡಿದು ನೆಲದ ಹಲಗೆ ತುಂಬಾ ಕಪ್ಪು ಚುಕ್ಕೆ. ಮರದ ಹೊಟ್ಟು ಬೀಳುವ ಜಾಗದಲ್ಲಿ ಇದು ಬೇಡವೇ ಬೇಡ. ಒಂದು ಚಳಿಗಾಲ ಸಹಿಸಿ ಕೆಡವಿದೆ.

ಆಮೇಲೆ ಬೀಡುಕಬ್ಬಿಣದ ಒಲೆ ತಂದೆ. ಗಟ್ಟಿಮುಟ್ಟು, ಗಾಜಿನ ಬಾಗಿಲು, ಸೌದೆಯೂ ಕಡಿಮೆ ಸಾಕು. ಆದರೆ ಅದು ಕಾಯೋಕೆ ಮುಕ್ಕಾಲು ಗಂಟೆ ಬೇಕು. ಶೆಡ್ಡು ಹದವಾಗಿ ಬಿಸಿಯಾಗುವಾಗ ನಾನು ಏಳುವ ಹೊತ್ತು. ಆಮೇಲೆ ರಾತ್ರಿಯೆಲ್ಲ ಖಾಲಿ ಶೆಡ್ಡು ಸುಮ್ನೆ ಬೆಚ್ಚಗಿರುತ್ತಿತ್ತು! ಅಲ್ಲೇ ಮಲಗುವವರಿಗೆ ಇದೇ ಸರಿ.

ಈಗ ಇರುವುದು ಉಕ್ಕಿನ ತಗಡಿನ ಪುಟ್ಟ ಒಲೆ. ಕಾಲು ಗಂಟೆಗೆ ಸ್ವೆಟರ್ ತೆಗೆಯಬೇಕಾಗುತ್ತದೆ. ಅಷ್ಟೇ ಬೇಗ ಆರುತ್ತದೆ ಕೂಡ. ಅರ್ಧ ಗಂಟೆಗೊಮ್ಮೆ ಎರಡು ಸೀಳು ತುರುಕಬೇಕು. ನನ್ನ ಎರಡು ಗಂಟೆಗೆ ಸಾಕಲ್ವಾ? ಮೊದಲ ಸಲ ಉರಿಸಿದಾಗ ಬಣ್ಣ ಸುಟ್ಟ ವಾಸನೆ ತಲೆನೋವು ತರಿಸುತ್ತದೆ, ಬಾಗಿಲು ತೆಗೆದಿಡಿ.

ನಿಜ ಹೇಳಬೇಕೆಂದರೆ, ಒಲೆಗಿಂತ ಹೊಗೆಕೊಳವೆಯೇ ನನ್ನನ್ನು ಜಾಸ್ತಿ ಕಾಡಿತು. ಮೊದಲು ಅದು ಮಾಡಿನ ತುದಿಗಿಂತ ಗಿಡ್ಡವಿತ್ತು. ಗಾಳಿ ಬೀಸಿದಾಗಲೆಲ್ಲ ಹೊಗೆ ವಾಪಸ್ ಬಂದು ಕಣ್ಣುರಿ. ಮಾಡು ದಾಟುವ ಜಾಗದಿಂದ ಕನಿಷ್ಠ 3 ಅಡಿ ಮೇಲೆ, 10 ಅಡಿ ಸುತ್ತಲಿನ ಯಾವುದಕ್ಕಿಂತಲೂ 2 ಅಡಿ ಎತ್ತರ ಬರುವಂತೆ ಏರಿಸಿದೆ. ಹೊಗೆ ನಿಂತಿತು. ಮಾಡು ದಾಟುವ ಕಡೆ ಶಾಖ ತಡೆಯುವ ಎರಡು ಪದರದ ಕೊಳವೆಯೇ ಬೇಕು. ಬರೀ ಮರದ ಗೋಡೆಯಾದರೆ ಒಲೆ 3 ಅಡಿ ದೂರವಿರಲಿ. ನನಗೆ ಅಷ್ಟು ಜಾಗವಿಲ್ಲ. ಹಾಗಾಗಿ ಗೋಡೆಯಿಂದ ಒಂದು ಇಂಚು ಬಿಟ್ಟು, ಹಿಂದೆ ಗಾಳಿಯಾಡುವಂತೆ ತಗಡು ನಿಲ್ಲಿಸಿದ್ದೇನೆ. ಒಲೆ ಧಗಧಗ ಉರಿಯುವಾಗಲೂ ಹಿಂದಿನ ಹಲಗೆಗೆ ಅಂಗೈ ಇಟ್ಟರೆ ಉಗುರುಬೆಚ್ಚಗೆ, ಅಷ್ಟೇ.

ಹಸಿ ಸೌದೆ ಹಾಕಿದರೆ ಮೂರು ಒಲೆಗೂ ಒಂದೇ ಗತಿ: ಕೊಳವೆಯೊಳಗೆ ಡಾಂಬರಿನಂಥ ಜಿಗುಟು ಮಸಿ ಕಟ್ಟುತ್ತದೆ, ಒಂದು ದಿನ ಅದೇ ಹೊತ್ತಿಕೊಳ್ಳಬಹುದು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಒಲೆಗಿಂತ ಮೊದಲೇ ತಗೊಳ್ಳಿ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ.