ಬೊಲೆರೊ, ಯೋಧಾ, ದೋಸ್ತ್, ಇಂಟ್ರಾ: ಲೋಡ್ ಬಿದ್ದ ಮೇಲೆ ಯಾವ ಪಿಕಪ್ ತಾಳುತ್ತದೆ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಸುಗ್ಗಿಯ ಹೊತ್ತಿಗೆ ಸಾಲುಗಟ್ಟಿ ನಿಲ್ಲುವ ಗಾಡಿಗಳಲ್ಲಿ ಬೊಲೆರೊ ಪಿಕಪ್‌ನದೇ ಮೇಲುಗೈ. ಒಟ್ಟು ತೂಕ 2ರಿಂದ 3.5 ಟನ್ ಇರುವ ಸರಕು ಗಾಡಿಗಳ ವರ್ಗದಲ್ಲಿ ದೇಶದ ಮಾರಾಟದ ಅರ್ಧಕ್ಕಿಂತ ಹೆಚ್ಚು ಪಾಲು ಬೊಲೆರೊ ತಯಾರಿಸುವ ಮಹೀಂದ್ರದ್ದು. ಹಾಗಾಗಿ ಹೊಸದಾಗಿ ಗಾಡಿ ತೆಗೆಯುವವರು ಹೆಚ್ಚು ಯೋಚಿಸದೆ ಅದನ್ನೇ ಬುಕ್ ಮಾಡುತ್ತಾರೆ. ಒಂದೊಂದನ್ನೇ ತೂಗಿ ನೋಡಿದರೆ ಎಂಜಿನ್ ಶಕ್ತಿಯಲ್ಲಿ ಯೋಧಾ ಮುಂದೆ, ಡೀಸೆಲ್ ಉಳಿತಾಯದಲ್ಲಿ ದೋಸ್ತ್ ಮುಂದೆ, ಪೇಟೆ ಬೀದಿಯಲ್ಲಿ ತಿರುಗಿಸುವುದಕ್ಕೆ ಇಂಟ್ರಾ ಸಲೀಸು. ಬೊಲೆರೊ ಗೆದ್ದಿರುವುದು ಇನ್ನೊಂದು ಲೆಕ್ಕದಲ್ಲಿ: ಕೆಟ್ಟು ನಿಂತ ಗಾಡಿ ಮತ್ತೆ ಬಾಡಿಗೆಗೆ ಹೊರಡಲು ಎಷ್ಟು ಹೊತ್ತು ಬೇಕು? ತಾಲ್ಲೂಕು ಕೇಂದ್ರದ ಆಟೊಮೊಬೈಲ್ ಅಂಗಡಿಯಲ್ಲಿ ಅದರ ಕ್ಲಚ್ ಪ್ಲೇಟು, ಶಾಫ್ಟಿನ ಕೀಲಾದ ಕ್ರಾಸ್, ಬೇರಿಂಗು ಸಿಗುತ್ತವೆ. ಹೋಬಳಿಯ ಮೆಕ್ಯಾನಿಕ್ಕಿಗೂ ಅದರ ಕೆಲಸ ಗೊತ್ತು. ಬಾಡಿಗೆ ಗಾಡಿಯ ಬಾಳಿಕೆ ಎಂದರೆ ಅರ್ಧಪಾಲು ಇದೇ.

ಮೊದಲು ಯಾವುದು ಎಷ್ಟು ಎಂದು ನೋಡೋಣ. ಬೊಲೆರೊ ಮ್ಯಾಕ್ಸ್ ಪಿಕಪ್‌ಗೆ 2523 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್. ಮಾದರಿಗೆ ತಕ್ಕಂತೆ 200 ಅಥವಾ 220 ಎನ್‌ಎಂ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. ಸಿಟಿ ಸಾಲಿನಲ್ಲಿ ಹೊರೆ 1.3 ಟನ್ನಿನಿಂದ ಶುರು, ಎಚ್‌ಡಿ ಸಾಲಿನಲ್ಲಿ 2 ಟನ್‌ವರೆಗೂ ಹೋಗುತ್ತದೆ. ಟಾಟಾ ಯೋಧಾ 2017ರಲ್ಲಿ ಬಂದರೂ ಅದರ ವಂಶ ಹಳೆಯದು. 1988ರ ಟಾಟಾಮೊಬೈಲ್, ಆಮೇಲಿನ 207, ಇವೆಲ್ಲ ಅದರ ಹಿರಿಯರು. 2022ರಲ್ಲಿ ಬಂದ ಯೋಧಾ 2.0ಕ್ಕೆ 2.2 ಲೀಟರ್ ಎಂಜಿನ್, 100 ಎಚ್‌ಪಿ, 250 ಎನ್‌ಎಂ, ಹೊರೆ 2 ಟನ್. ಅಶೋಕ್ ಲೇಲ್ಯಾಂಡ್ ದೋಸ್ತ್ 2011ರಲ್ಲಿ ನಿಸಾನ್ ಜೊತೆಗೂಡಿ ಬಂದದ್ದು, ತಯಾರಾಗುವುದು ನಮ್ಮ ಗಡಿಯಾಚೆ ಹೊಸೂರಿನಲ್ಲಿ. ಮೂರು ಸಿಲಿಂಡರಿನ 1478 ಸಿಸಿ ಎಂಜಿನ್. ಅದರ ಅಣ್ಣ ಬಡಾ ದೋಸ್ತ್ 2020ರ ಸೆಪ್ಟೆಂಬರಿನಲ್ಲಿ ಬಂತು. ಐ4 ಮಾದರಿ 1.86 ಟನ್ ಹೊರುತ್ತದೆ. ಟಾಟಾ ಇಂಟ್ರಾ ವಿ30ಕ್ಕೆ 1496 ಸಿಸಿ ಎಂಜಿನ್, 70 ಎಚ್‌ಪಿ, 140 ಎನ್‌ಎಂ, ಹೊರೆ 1.3 ಟನ್. ವಿ50ಗೆ ಅಷ್ಟೇ ಸಿಸಿಯಲ್ಲಿ 80 ಎಚ್‌ಪಿ, 220 ಎನ್‌ಎಂ, ಹೊರೆ 1.5 ಟನ್.

ಕಾಗದದ ಮೇಲಿನ ಈ ಅಂಕಿಗಳಿಗಿಂತ ಮುಖ್ಯವಾದದ್ದು ಎಂಜಿನ್ ಎಲ್ಲಿ ಕೂತಿದೆ ಎಂಬುದು. ಬೊಲೆರೊ, ಯೋಧಾ ಎರಡಕ್ಕೂ ಮುಂದೆ ಬಾನೆಟ್ ಇದೆ. ದೋಸ್ತ್ ಮತ್ತು ಇಂಟ್ರಾದಲ್ಲಿ ಎಂಜಿನ್ ಸೀಟಿನ ಕೆಳಗೆ. ಬಾನೆಟ್ ಗಾಡಿಯಲ್ಲಿ ರೇಡಿಯೇಟರ್ ಹೋಸ್ ಬೆವರಿದ್ದರೆ, ಫ್ಯಾನ್ ಬೆಲ್ಟ್ ಸೀಳಿದ್ದರೆ ಬೆಳಿಗ್ಗೆ ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ಸೀಟಿನ ಕೆಳಗಿನ ಎಂಜಿನ್ ನೋಡಲು ಸೀಟು ಎತ್ತಬೇಕು, ಸೀಟಿನ ಮೇಲೆ ಮತ್ತು ಹಿಂದೆ ತುರುಕಿದ ಹಗ್ಗ, ಟಾರ್ಪಾಲು, ಊಟದ ಡಬ್ಬಿ ತೆಗೆಯಬೇಕು. ಆದ್ದರಿಂದ ಯಾರೂ ದಿನಾ ನೋಡುವುದಿಲ್ಲ. ಕೂಲಂಟ್ ನಿಧಾನಕ್ಕೆ ಇಳಿಯುತ್ತಿದ್ದರೂ ಗೊತ್ತಾಗುವುದು ಟೆಂಪರೇಚರ್ ಮುಳ್ಳು ಏರಿದಾಗ. ಅಷ್ಟರಲ್ಲಿ ಹೆಡ್ ಗ್ಯಾಸ್ಕೆಟ್‌ಗೆ ಏಟು ಬಿದ್ದಿರುತ್ತದೆ. ದೋಸ್ತ್ ಎಂಜಿನ್ ಬೇಗ ಕೆಡುತ್ತದೆ ಎನ್ನುವವರು ಈ ಅಭ್ಯಾಸವನ್ನು ಮೊದಲು ನೋಡಬೇಕು. ವಾರಕ್ಕೆರಡು ಸಲ ಸೀಟು ಎತ್ತಿ ಕೂಲಂಟ್ ಮತ್ತು ಆಯಿಲ್ ನೋಡುವವರ ಕೈಯಲ್ಲಿ ಅದು ಚೆನ್ನಾಗಿಯೇ ಬಾಳುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ರಾಯಚೂರು, ಕಲಬುರಗಿ ಕಡೆ ಓಡಿಸುವಾಗ ಸೀಟಿನಡಿಯ ಶಾಖ ಮಾತ್ರ ನಿಜವಾದ ತೊಂದರೆ. ಡ್ರೈವರುಗಳು ಹೇಳುವುದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಸೀಟಿನಡಿ ಎಂಜಿನ್ ಇಟ್ಟದ್ದಕ್ಕೆ ಪ್ರತಿಫಲವೂ ಇದೆ. ಗಾಡಿಯ ಉದ್ದ ಕಡಿಮೆ ಇದ್ದರೂ ಬಾಡಿ, ಅಂದರೆ ಸರಕು ತುಂಬುವ ಹಿಂಭಾಗ, ಉದ್ದ ಸಿಗುತ್ತದೆ. ಇಂಟ್ರಾ ವಿ50ಯ ಬಾಡಿ 2960 ಮಿ.ಮೀ., ಅಂದರೆ ಒಂಬತ್ತು ಅಡಿ ಎಂಟೂವರೆ ಇಂಚಿನಷ್ಟು. ಬೊಲೆರೊದಲ್ಲಿ ಇದಕ್ಕಿಂತ ಉದ್ದ ಬೇಕೆಂದರೆ 3050 ಮಿ.ಮೀ. ಬಾಡಿಯ ದೊಡ್ಡ ಎಚ್‌ಡಿಗೇ ಹೋಗಬೇಕು, ಆಗ ಬಾನೆಟ್ಟೂ ಸೇರಿ ಗಾಡಿ ಬಹಳ ಉದ್ದವಾಗುತ್ತದೆ. ಕೆ.ಆರ್. ಮಾರ್ಕೆಟ್ ಸುತ್ತಿನ ಓಣಿಗಳಲ್ಲಿ ಅದನ್ನು ರಿವರ್ಸ್ ತೆಗೆಯುವ ಕಷ್ಟ ತೆಗೆದವರಿಗೇ ಗೊತ್ತು.

ತೂಕದ ಸರಕೋ, ಜಾಗ ತಿನ್ನುವ ಸರಕೋ ಎಂಬುದನ್ನು ಶೋರೂಮಿಗೆ ಹೋಗುವ ಮೊದಲೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು. ಬ್ಯಾಡಗಿ ಮೆಣಸಿನಕಾಯಿ, ಹೂವು, ಮೊಟ್ಟೆ ಟ್ರೇ, ಫರ್ನಿಚರ್ ಒಯ್ಯುವವರಿಗೆ ಬಾಡಿ ತುಂಬುತ್ತದೆಯೇ ಹೊರತು ತೂಕ ತುಂಬುವುದಿಲ್ಲ. ಅವರು 2 ಟನ್ನಿನ ಗಾಡಿ ತೆಗೆದರೆ ದಿನಾ ಡೀಸೆಲ್ಲಿಗೆ ದಂಡ ಕಟ್ಟಿದಂತೆ. ಅಂಥವರಿಗೆ ಬಡಾ ದೋಸ್ತ್ ಅಥವಾ ವಿ50 ಸರಿ. ಸಿಮೆಂಟು, ಕಬ್ಬಿಣ, ಕರಾವಳಿಯ ಕೆಂಪುಕಲ್ಲು ಹೊರುವವರ ಕತೆ ಬೇರೆ. 50 ಕೆ.ಜಿ.ಯ ಸಿಮೆಂಟ್ ಚೀಲ 1.3 ಟನ್ ಗಾಡಿಗೆ 26, 1.7 ಟನ್ನಿಗೆ 34, 2 ಟನ್ನಿಗೆ 40. ಟೊಮೆಟೊ 15 ಕೆ.ಜಿ.ಯ ಕ್ರೇಟು, ಖಾಲಿ ಕ್ರೇಟಿನ ತೂಕ ಸೇರಿ ಸುಮಾರು 17 ಎಂದಿಟ್ಟುಕೊಂಡರೆ 1.3 ಟನ್ನಿಗೆ 76 ಕ್ರೇಟು, 1.7 ಟನ್ನಿಗೆ 100. ರಸ್ತೆಯಲ್ಲಿ ಕಾಣುವುದು ಇದಕ್ಕಿಂತ ಬಹಳ ಎತ್ತರದ ಲೋಡು ಎಂಬುದು ಎಲ್ಲರಿಗೂ ಗೊತ್ತಿರುವುದೇ. ಆಮೇಲೆ ಗಾಡಿಯ ಬಾಳಿಕೆ ಬಗ್ಗೆ ದೂರುವುದು ನ್ಯಾಯವಲ್ಲ.

ಇದರ ಜೊತೆ ಕಾನೂನಿನ ಗೆರೆ ಒಂದಿದೆ. ಮೋಟಾರು ವಾಹನ ಕಾಯ್ದೆಯ ಕಲಂ 66ರ ಪ್ರಕಾರ ಒಟ್ಟು ತೂಕ 3000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. 1.3 ಟನ್ ಹೊರೆಯ ಗಾಡಿಗಳು ಹೆಚ್ಚಾಗಿ ಈ ಗೆರೆಯ ಒಳಗೇ ನಿಲ್ಲುತ್ತವೆ, 1.7 ಮತ್ತು 2 ಟನ್ನಿನವು ದಾಟುತ್ತವೆ. ವರ್ಷಕ್ಕೆ ಕೆಲವೇ ಸಲ ಪೂರ್ತಿ ಲೋಡ್ ಬರುವವರು 2 ಟನ್ ಮಾದರಿಗೆ ಆಸೆಪಡುವ ಮೊದಲು ಪರ್ಮಿಟ್, ಇನ್ಶುರೆನ್ಸ್, ಟೈರು ಮೂರರ ಹೆಚ್ಚುವರಿ ಖರ್ಚನ್ನೂ ಕೂಡಿಸಬೇಕು. ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್, ಎಲ್ಲಕ್ಕೂ ಒಂದೇ: ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಎಲ್ಲಿ ಮುರಿಯುತ್ತದೆ?

ಈ ವರ್ಗದ ಗಾಡಿಗಳಲ್ಲಿ ಎಂಜಿನ್ ಕೈಕೊಡುವುದು ಅಪರೂಪ. ಮೊದಲು ಹೋಗುವುದು ಹಿಂದಿನ ಪ್ಲೇಟು, ಅಂದರೆ ಹೊರೆ ತಾಳುವ ಸ್ಪ್ರಿಂಗ್ ಪಟ್ಟಿಗಳು. ಮೇನ್ ಪ್ಲೇಟು ಸೆಂಟರ್ ಬೋಲ್ಟಿನ ತೂತಿನ ಹತ್ತಿರವೇ ಮುರಿಯುತ್ತದೆ, ಏಕೆಂದರೆ ಯು-ಬೋಲ್ಟ್ ಸಡಿಲವಾದರೆ ಅಲ್ಲಿ ಪ್ಲೇಟು ಮಡಚಿ ಮಡಚಿ ದಣಿಯುತ್ತದೆ. ಹೊಸ ಗಾಡಿಗೆ ಮೊದಲ ಸರ್ವೀಸಿನಲ್ಲಿ, ಪ್ಲೇಟು ಬಿಚ್ಚಿ ಕಟ್ಟಿದ ಮೇಲೆ ನಾಲ್ಕೈದು ಲೋಡ್ ಆದ ಕೂಡಲೇ, ಯು-ಬೋಲ್ಟ್ ಬಿಗಿ ಮಾಡಿಸಬೇಕು. ಅದನ್ನೂ ಲೋಡ್ ಇರುವಾಗ ಮಾಡಿಸಿದರೆ ಒಳ್ಳೆಯದು; ಖಾಲಿ ಗಾಡಿಯಲ್ಲಿ ಬಿಗಿ ಮಾಡಿದ್ದು ಲೋಡ್ ಬಿದ್ದಾಗ ಮತ್ತೆ ಸಡಿಲ.

ಬೊಲೆರೊ ತೆಗೆದ ಮರುವಾರವೇ ಎಕ್ಸ್‌ಟ್ರಾ ಪ್ಲೇಟು ಹಾಕಿಸುವ ರೂಢಿ ಬಯಲುಸೀಮೆಯಲ್ಲಿ ಬಲವಾಗಿದೆ. ಇದರಿಂದಾಗುವ ಕೇಡು ಮೂರು. ಖಾಲಿ ಇದ್ದಾಗ ಹಿಂದಿನ ಚಕ್ರ ಹಾರುತ್ತದೆ, ಟೈರು ತೇಪೆ ತೇಪೆಯಾಗಿ ಸವೆಯುತ್ತದೆ. ಪ್ಲೇಟು ಬಾಗದೆ ಉಳಿದ ಏಟನ್ನು ಹ್ಯಾಂಗರ್ ಬ್ರಾಕೆಟ್ ಮತ್ತು ಚಾಸಿ ತಿನ್ನುತ್ತವೆ, ರಿವೆಟ್ ಸಡಿಲಗೊಂಡು ಪಕ್ಕದಲ್ಲಿ ಸೀಳು ಬೀಳುತ್ತದೆ. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ, ಆದರೆ ಯಾರೂ ಹೇಳುವುದಿಲ್ಲ. ಹಿಂದಿನ ಆಕ್ಸಲ್ ಹತ್ತಿರ ಎಲ್‌ಎಸ್‌ಪಿವಿ ಎಂಬ ವಾಲ್ವ್ ಇರುವ ಗಾಡಿಗಳಲ್ಲಿ, ಗಾಡಿ ಎಷ್ಟು ಕುಸಿದಿದೆ ಎಂಬುದನ್ನು ಒಂದು ಸಣ್ಣ ಕಡ್ಡಿಯ ಮೂಲಕ ಅಳೆದು ಅದು ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ತೀರ್ಮಾನಿಸುತ್ತದೆ. ಎಕ್ಸ್‌ಟ್ರಾ ಪ್ಲೇಟಿನಿಂದ ಗಾಡಿ ಕುಸಿಯದಿದ್ದರೆ, ಎರಡು ಟನ್ ಹೊತ್ತಿದ್ದರೂ ವಾಲ್ವಿಗೆ ಅದು ಖಾಲಿ ಗಾಡಿ. ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ, ಮುಂದಿನ ಡಿಸ್ಕ್ ಎಲ್ಲ ಕೆಲಸ ಮಾಡಿ ಬಿಸಿಯಾಗುತ್ತದೆ. ಚಾರ್ಮಾಡಿಯೋ ಶಿರಾಡಿಯೋ ಇಳಿಯುವಾಗ ಪೆಡಲ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಪ್ಲೇಟು ಸೇರಿಸಲೇಬೇಕಾದರೆ ಕಡ್ಡಿಯ ಸೆಟ್ಟಿಂಗ್ ಮತ್ತೆ ಸರಿಮಾಡಿಸಿಕೊಳ್ಳಿ. ಘಾಟಿಯಲ್ಲಂತೂ ಹತ್ತುವ ಗೇರಿನಲ್ಲೇ ಇಳಿಯಿರಿ, ಯಾವ ಕಂಪನಿಯ ಗಾಡಿಯೇ ಇರಲಿ.

ಎರಡನೆಯದು ಕ್ಲಚ್. ಇಲ್ಲಿ ಯೋಧಾದ 250 ಎನ್‌ಎಂ ಕೆಲಸಕ್ಕೆ ಬರುತ್ತದೆ. ಏರಿನಲ್ಲಿ ನಿಂತ ಲೋಡ್ ಗಾಡಿಯನ್ನು ಎತ್ತಲು ಹಾಫ್ ಕ್ಲಚ್ಚಿನಲ್ಲಿ ಹೆಚ್ಚು ಹೊತ್ತು ಕಾಯಬೇಕಿಲ್ಲ. ಇಂಟ್ರಾ ವಿ30ಯ 140 ಎನ್‌ಎಂ 1800 ಆರ್‌ಪಿಎಂ ದಾಟಿದ ಮೇಲೆ ಸಿಗುವುದರಿಂದ ಅದೇ ಏರಿನಲ್ಲಿ ಎಂಜಿನ್ ಕೂಗಿಸಿ ಕ್ಲಚ್ ಬಿಡಬೇಕಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ, ಒಂದು ಟನ್ ಒಳಗಿನ ಲೋಡಿಗೆ ವಿ30 ಹಗುರ, ಸ್ಟೀರಿಂಗ್ ಬೆರಳಲ್ಲಿ ತಿರುಗುತ್ತದೆ. ಮಲೆನಾಡಿನ ಎಸ್ಟೇಟ್ ರಸ್ತೆಗೆ ಅದನ್ನು ತೆಗೆಯಬೇಡಿ ಎಂದೇ ಹೇಳುತ್ತೇವೆ. ಅಲ್ಲಿಗೆ ಬಾನೆಟ್ ಗಾಡಿಯೇ ಬೇಕು. ಮಳೆಗಾಲದಲ್ಲಿ ತೋಟದೊಳಗೆ ಹೋಗುವವರಿಗೆ ಯೋಧಾ ಮತ್ತು ಬೊಲೆರೊ ಕ್ಯಾಂಪರ್ 4x4ನಲ್ಲೂ ಬರುವುದು ಒಂದು ಅನುಕೂಲ.

ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ವಿಷಯ ಚುಟುಕು. ಗೇರ್ ಹಾಕಿ ಬಿಟ್ಟಾಗ ಕೆಳಗಿನಿಂದ ಟಕ್ ಎಂದರೆ ಕ್ರಾಸ್ ಹೋಗಿದೆ. 40-50ರ ವೇಗದಲ್ಲಿ ನೆಲ ನಡುಗಿದರೆ ಸೆಂಟರ್ ಬೇರಿಂಗ್. ಗ್ರೀಸ್ ನಿಪ್ಪಲ್ ಇದ್ದರೆ ಐದು ಸಾವಿರ ಕಿ.ಮೀ.ಗೊಮ್ಮೆ ಗ್ರೀಸ್, ನೀರಿನಲ್ಲಿ ಓಡಿದರೆ ಅದಕ್ಕೂ ಮೊದಲೇ.

2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಬಾಳಿಕೆಯ ಹಳೆಯ ಮಾತುಗಳು ಅರ್ಧ ಸುಳ್ಳಾಗಿವೆ. ಈಗಿನ ಡೀಸೆಲ್ ಪಿಕಪ್ ಯಾವುದೇ ಇರಲಿ, ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಹಾಲಿನ ಡೇರಿಗೆ ಮೂರು ಕಿಲೋಮೀಟರ್, ಅಂಗಡಿಗೆ ಎರಡು ಕಿಲೋಮೀಟರ್ ಎಂದು ದಿನವಿಡೀ ಚೂರುಪಾರು ಓಡುವ ಗಾಡಿಯಲ್ಲಿ ಅದು ಬಿಸಿಯಾಗುವುದೇ ಇಲ್ಲ, ಮಸಿ ಸುಟ್ಟುಹೋಗುವುದಿಲ್ಲ. ಮೀಟರ್ ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದ ಕೂಡಲೇ ಹೈವೇಗೆ ತೆಗೆದುಕೊಂಡು ಹೋಗಿ ಇಪ್ಪತ್ತು ನಿಮಿಷ 50-60ರ ವೇಗದಲ್ಲಿ, ಎಂಜಿನ್ ಎರಡು ಸಾವಿರ ಆರ್‌ಪಿಎಂ ಹತ್ತಿರ ಇಟ್ಟು, ನಿಲ್ಲಿಸದೆ ಓಡಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ದೀಪವನ್ನು ಅಲಕ್ಷಿಸಿ ಓಡಿಸಿದರೆ ಎಂಜಿನ್ ಶಕ್ತಿ ಕಟ್ ಆಗಿ ಗಾಡಿ ಎಳೆಯುವುದನ್ನೇ ಬಿಡುತ್ತದೆ. ಆಗ ಸ್ಕ್ಯಾನರ್ ಇರುವ ವರ್ಕ್‌ಶಾಪೇ ಗತಿ. ಸುಡಲು ಹೆಚ್ಚುವರಿ ಸಿಂಪಡಿಸಿದ ಡೀಸೆಲ್ ಆಯಿಲ್ಲಿಗೆ ಇಳಿದು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿದ್ದರೆ "ಆಯಿಲ್ ತಿನ್ನುತ್ತಿಲ್ಲ, ಎಂಜಿನ್ ಭೇಷ್" ಎಂದು ಖುಷಿಪಡಬೇಡಿ, ಬದಲಿಸಿ. ಆಯಿಲ್ ಕೂಡ ಕಂಪನಿ ಹೇಳಿದ ಬೂದಿ ಕಡಿಮೆ ಇರುವ ಗ್ರೇಡೇ ಆಗಬೇಕು. ಹೊಗೆ ಶುದ್ಧಿಗೆ ಆಡ್‌ಬ್ಲೂ ದ್ರವ ಬೇಡುವ ಮಾದರಿಯೋ ಅಲ್ಲವೋ ಎಂದು ಕೊಳ್ಳುವಾಗಲೇ ಕೇಳಿ. ಡೀಸೆಲ್ ಮುಚ್ಚಳದ ಹತ್ತಿರ ನೀಲಿ ಮುಚ್ಚಳ ಇದ್ದರೆ ಬೇಡುತ್ತದೆ ಎಂದರ್ಥ. ಅದು 32.5 ಶೇಕಡಾ ಯೂರಿಯಾ ಇರುವ ಶುದ್ಧ ದ್ರಾವಣ. ಗೊಬ್ಬರದ ಯೂರಿಯಾ ಬೋರ್ ನೀರಿಗೆ ಕಲಸಿ ಹಾಕಿದರೆ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಮೀರದವರು ಡೀಸೆಲ್ ಬಿಟ್ಟು ಇಂಟ್ರಾ ವಿ20ಯಂಥ ಸಿಎನ್‌ಜಿ-ಪೆಟ್ರೋಲ್ ಗಾಡಿ ನೋಡುವುದು ಜಾಣತನ, ಹತ್ತಿರ ಸಿಎನ್‌ಜಿ ಪಂಪ್ ಇದ್ದರೆ.

ಮಲ್ಪೆ, ಮಂಗಳೂರು, ಕಾರವಾರದ ಮೀನು ಬಾಡಿಗೆಗೆ ಯಾವ ಬ್ರ್ಯಾಂಡೂ ಗಟ್ಟಿಯಲ್ಲ. ಐಸ್ ಕರಗಿದ ಉಪ್ಪುನೀರು ಬಾಡಿ ಸಂದಿನಿಂದ ಇಳಿದು ಚಾಸಿಯ ಒಳಮೈ, ಬ್ರೇಕ್ ಪೈಪು, ಪ್ಲೇಟಿನ ನಡುವೆ ಕೂರುತ್ತದೆ. ಪ್ರತಿ ಟ್ರಿಪ್ಪಿನ ನಂತರ ಸಿಹಿನೀರಿನಲ್ಲಿ ಕೆಳಗಿನಿಂದ ತೊಳೆಯದಿದ್ದರೆ ಎಂಜಿನ್ ಇನ್ನೂ ಹೊಸತಾಗಿರುವಾಗಲೇ ಚಾಸಿ ಗುಜರಿಗೆ ಸಿದ್ಧ. ಬಾಡಿ ಕಟ್ಟಿಸುವಾಗಲೇ ನೀರು ಹೊರಗೆ ಹೋಗಲು ಹಿಂದಕ್ಕೆ ಪೈಪ್ ಇಡಿಸಿ.

ಮೈಲೇಜು ಲೋಡ್, ರಸ್ತೆ, ಡ್ರೈವರಿನ ಕಾಲು ಮೂರನ್ನೂ ಅವಲಂಬಿಸಿದ್ದು. ಸಾಧಾರಣ ಲೋಡಿನಲ್ಲಿ ಲೀಟರಿಗೆ ಯೋಧಾ 10-12 ಕಿ.ಮೀ., ಬೊಲೆರೊ 12-14, ದೋಸ್ತ್ ಮತ್ತು ವಿ30 ಅದಕ್ಕಿಂತ ಎರಡು ಮೂರು ಹೆಚ್ಚು ಎಂಬ ಅಂದಾಜಿಟ್ಟುಕೊಂಡರೆ ಮೋಸವಿಲ್ಲ. ತಿಂಗಳಿಗೆ ಮೂರು ಸಾವಿರ ಕಿಲೋಮೀಟರ್ ಓಡುವ ಗಾಡಿಯಲ್ಲಿ 12ಕ್ಕೂ 15ಕ್ಕೂ ವ್ಯತ್ಯಾಸ 50 ಲೀಟರ್ ಡೀಸೆಲ್. ಕಂತು ಕಟ್ಟುವವರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಮಾರುವ ದಿನ ಬೊಲೆರೊ ಈ ಬಾಕಿ ತೀರಿಸುತ್ತದೆ. ಅದಕ್ಕೆ ಸೆಕೆಂಡ್ಸ್ ಗಿರಾಕಿ ಊರಲ್ಲೇ ಸಿಗುತ್ತಾನೆ. ಯೋಧಾಕ್ಕೆ ಬ್ರೋಕರನ್ನು ಹುಡುಕಬೇಕು, ಅವನು ಚೌಕಾಸಿ ಮಾಡುತ್ತಾನೆ.

ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ಡಿ-ಮ್ಯಾಕ್ಸ್ ಇವೆಲ್ಲಕ್ಕಿಂತ ನಯವಾದ ಗಾಡಿ, 2.5 ಲೀಟರ್ ಎಂಜಿನ್ನೂ ಗಟ್ಟಿ. ಆದರೆ ಬೆಲೆ ಹೆಚ್ಚು, ಬಿಡಿಭಾಗಕ್ಕೆ ದೊಡ್ಡ ಊರಿಗೇ ಹೋಗಬೇಕು. ಗಲ್ಫಿನಲ್ಲಿರುವ ನಮ್ಮವರು ಹೊಗಳುವ ಟೊಯೊಟಾ ಹೈಲಕ್ಸ್ 2022ರಿಂದ ಬಿಡದಿಯಲ್ಲೇ ತಯಾರಾಗುತ್ತಿದೆ. ಇಲ್ಲಿ ಅದು ಶೋಕಿ ಗಾಡಿ, ಅದರ ಬೆಲೆಗೆ ಮೂರು ಬೊಲೆರೊ ಬರುತ್ತವೆ. 2005ರಲ್ಲಿ ಬಂದ ಟಾಟಾ ಏಸ್‌ನ ಲೆಕ್ಕವೇ ಬೇರೆ, ಮುಕ್ಕಾಲು ಟನ್ನಿನ ಗಾಡಿಯನ್ನು ಇಲ್ಲಿ ಎಳೆದು ತರುವುದು ಬೇಡ.

ಮಾರುವಾಗ ಬೆಲೆ ಕುಸಿಯುತ್ತದೆಂದು ಯೋಧಾವನ್ನು ತಳ್ಳಿಹಾಕುವಂತಿಲ್ಲ. ಹೊಸದರಲ್ಲಿ ಕೊಳ್ಳುವವನಿಗೆ ನಷ್ಟವೆನಿಸುವ ಅದೇ ಬೆಲೆ ಕುಸಿತ ಸೆಕೆಂಡ್ಸಿನಲ್ಲಿ ಲಾಭ. ನಾಲ್ಕೈದು ವರ್ಷದ ಯೋಧಾ, ಸಿಮೆಂಟು ಅಥವಾ ಜಲ್ಲಿ ಹೊರದೇ ಇದ್ದದ್ದು ಸಿಕ್ಕರೆ, ಅದೇ ದುಡ್ಡಿನ ಹಳೆಯ ಬೊಲೆರೊಗಿಂತ ಹೆಚ್ಚು ಆಯಸ್ಸು ಉಳಿದಿರುತ್ತದೆ. ನೋಡಲು ಹೋದಾಗ ಪೇಂಟ್ ನೋಡಬೇಡಿ, ಟಾರ್ಚ್ ಹಿಡಿದು ಕೆಳಗೆ ಮಲಗಿ. ಕ್ಯಾಬಿನ್ನಿನ ಬೆನ್ನಿಗೆ, ಬಾಡಿ ಶುರುವಾಗುವಲ್ಲಿ ಚಾಸಿಗೆ ವೆಲ್ಡಿಂಗ್ ಪಟ್ಟಿ ಹಚ್ಚಿದ್ದರೆ ಎದ್ದು ಬನ್ನಿ. ಎರಡೂ ಕಡೆಯ ಪ್ಲೇಟು ಎಣಿಸಿ, ಸಂಖ್ಯೆ ಬೇರೆ ಬೇರೆ ಇದ್ದರೆ ಓವರ್‌ಲೋಡ್ ಗಾಡಿ. ಎಲ್‌ಎಸ್‌ಪಿವಿ ಕಡ್ಡಿ ಇದೆಯೋ, ತಂತಿಯಲ್ಲಿ ಕಟ್ಟಿದ್ದಾರೋ ನೋಡಿ. ಸೈಲೆನ್ಸರಿನ ಡಿಪಿಎಫ್ ಡಬ್ಬಿಗೆ ಹೊಸ ವೆಲ್ಡಿಂಗ್ ಇದ್ದರೆ ಒಳಗಿನ ಜಾಲರಿ ತೆಗೆದಿದ್ದಾರೆ. ಮುಂದಿನ ಎಫ್‌ಸಿಯಲ್ಲಿ ಹೊಗೆ ಪರೀಕ್ಷೆಗೆ ನಿಲ್ಲುವವರು ನೀವು, ಮಾರಿದವನಲ್ಲ.